ಸೋರದ ಹೊಲಿಗೆ

ಮೇದೋಜೀರಕದ ಶಸ್ತ್ರಚಿಕಿತ್ಸೆ ಮುಗಿದ ಮೇಲೆಯೇ ರೋಗಿಯ ನಿಜವಾದ ಪರೀಕ್ಷೆ ಮೊದಲಾಗುವುದು. ಒಂದು ಹೊಲಿಗೆಯನ್ನು ಭದ್ರಪಡಿಸಲು ಶಸ್ತ್ರವೈದ್ಯರು ನೂರು ವರ್ಷಗಳಿಗೂ ಮೀರಿ ನಡೆಸಿದ ಹೋರಾಟದ ಕಥೆ ಇಲ್ಲಿದೆ.

ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲು ಐದಾರು ಗಂಟೆಗಳ ಅನಂತರ ತೆರೆಯುತ್ತದೆ. ಹೊರಗೆ ಬೆಂಚಿನ ಮೇಲೆ ಕುಳಿತು ಒಂದೊಂದು ಗಳಿಗೆಯನ್ನೂ ಎಣಿಸುತ್ತಿದ್ದ ಮನೆಯವರು ಎದ್ದು ನಿಲ್ಲುತ್ತಾರೆ. "ಗಡ್ಡೆಯನ್ನು ಪೂರ್ತಿಯಾಗಿ ತೆಗೆದಿದ್ದೇವೆ" ಎನ್ನುತ್ತಾರೆ ವೈದ್ಯರು. ಎಲ್ಲರ ಮುಖದಲ್ಲಿಯೂ ಜೀವ ಬಂದಂತಾಗುತ್ತದೆ.

"ಹಾಗಾದರೆ ಇನ್ನೇನೂ ಭಯವಿಲ್ಲವಲ್ಲ, ಡಾಕ್ಟರೇ?" ಎಂದು ರೋಗಿಯ ಪತ್ನಿ ಕೇಳುತ್ತಾರೆ.

ವೈದ್ಯರು ಕೂಡಲೇ ಹೌದೆನ್ನುವುದಿಲ್ಲ. "ಇನ್ನು ಹತ್ತು ದಿನ ಕಳೆಯಲಿ ತಾಯಿ, ಆಮೇಲೆ ಹೇಳುತ್ತೇನೆ."

ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಮಾತುಕತೆ ಮತ್ತೆ ಮತ್ತೆ ಕೇಳಿಬರುವುದುಂಟು. ಅಪೆಂಡಿಸೈಟಿಸ್ ಆದವರು, ಪಿತ್ತಕೋಶದಲ್ಲಿ ಕಲ್ಲಾದವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎರಡು ಮೂರು ದಿನಗಳಲ್ಲಿ ಮನೆಗೆ ಬರುವುದನ್ನು ನಾವು ನೋಡಿದ್ದೇವೆ. ಹಾಗಿರುವಲ್ಲಿ ಮೇದೋಜೀರಕದ ವಿಷಯದಲ್ಲಿ ಮಾತ್ರ, ಕತ್ತಿಯ ಕೆಲಸ ಮುಗಿದ ಮೇಲೂ ವೈದ್ಯರು ಉಸಿರು ಬಿಗಿಹಿಡಿದು ಕಾಯುವುದೇಕೆ? ಇದನ್ನು ತಿಳಿಯಬೇಕಾದರೆ ಮೊದಲು ಆ ಅಂಗದ ಸ್ವಭಾವವನ್ನು ತಿಳಿಯಬೇಕು.

ಒರೆಯೊಳಗಣ ಕತ್ತಿ

ವೈದ್ಯರು ಪ್ಯಾಂಕ್ರಿಯಾಸ್ ಎಂದು ಕರೆಯುವ ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಅಡಗಿ ಕುಳಿತಿದೆ. ಉದ್ದ ಸುಮಾರು 15 ಸೆಂಟಿಮೀಟರು, ಎಂದರೆ ಆರು ಅಂಗುಲ. ತೂಕ ನೂರು ಗ್ರಾಂನ ಆಸುಪಾಸು. ಅದರ ತಲೆ ಸಣ್ಣ ಕರುಳಿನ ಮೊದಲ ಬಾಗಿನಲ್ಲಿ ಮಗು ತಾಯಿಯ ತೋಳಿನಲ್ಲಿ ಮಲಗಿದಂತೆ ಸೇರಿಕೊಂಡಿದೆ. ಬಾಲ ಎಡಗಡೆಯ ಗುಲ್ಮದವರೆಗೂ ಚಾಚಿಕೊಂಡಿದೆ.

ಗಾತ್ರ ಕಿರಿದಾದರೂ ಇದರ ಹೊಣೆ ಹಿರಿದು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹುಟ್ಟುವುದು ಇಲ್ಲಿಯೇ. ಇದಲ್ಲದೆ ದಿನವೊಂದಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಜೀರ್ಣರಸವನ್ನು ಈ ಗ್ರಂಥಿ ಸ್ರವಿಸುತ್ತದೆ. ನಾವು ಉಣ್ಣುವ ಅನ್ನದ ಪಿಷ್ಟವನ್ನೂ, ಬೇಳೆಯ ಸಸಾರಜನಕವನ್ನೂ, ತುಪ್ಪದ ಕೊಬ್ಬನ್ನೂ ಒಡೆದು ಮೈಗೂಡಿಸುವ ಶಕ್ತಿ ಈ ರಸದಲ್ಲಿದೆ.

ಮಾಂಸವನ್ನೂ ಕರಗಿಸಬಲ್ಲ ಈ ರಸ ತಾನು ಹುಟ್ಟಿದ ಗ್ರಂಥಿಯನ್ನೇ ಏಕೆ ತಿಂದುಹಾಕುವುದಿಲ್ಲ? ಪ್ರಕೃತಿ ಇದಕ್ಕೆ ಒಂದು ಸೊಗಸಾದ ಏರ್ಪಾಡು ಮಾಡಿದೆ. ಸಸಾರಜನಕವನ್ನು ಒಡೆಯುವ ಕಿಣ್ವಗಳು ಗ್ರಂಥಿಯೊಳಗಿರುವಾಗ ಒರೆಯಲ್ಲಿಟ್ಟ ಕತ್ತಿಯಂತೆ ನಿರಪಾಯಕಾರಿ. ರಸವು ನಾಳದ ಮೂಲಕ ಹರಿದು ಕರುಳನ್ನು ಸೇರಿದ ಮೇಲೆ ಅಲ್ಲಿನ ಇನ್ನೊಂದು ಕಿಣ್ವ ಈ ಕತ್ತಿಯನ್ನು ಒರೆಯಿಂದ ಹಿರಿಯುತ್ತದೆ. ಕೆಲಸವೆಲ್ಲ ಕರುಳಿನೊಳಗೆ, ಅದರ ರಕ್ಷಣೆಯ ಲೋಳೆಪದರದ ನಡುವೆ ನಡೆಯುತ್ತದೆ.

ಆದರೆ ಈ ರಸ ನಾಳವನ್ನು ತಪ್ಪಿಸಿಕೊಂಡು ಹೊಟ್ಟೆಯ ಬಯಲಿಗೆ ಸೋರಿತೆನ್ನಿ. ಆಗ ಅದು ಭಸ್ಮಾಸುರನ ಕೈಯಾಗುತ್ತದೆ. ಸುತ್ತಲಿನ ಕೊಬ್ಬನ್ನು ಸುಡುತ್ತದೆ, ಹೊಲಿಗೆಯನ್ನು ಸಡಿಲಿಸುತ್ತದೆ, ಕೀವಿಗೆ ನೆಲೆ ಮಾಡಿಕೊಡುತ್ತದೆ. ಹತ್ತಿರದ ಧಮನಿಯ ಗೋಡೆಯನ್ನು ಕೊರೆದರೆ ರಕ್ತ ಚಿಮ್ಮಿ ಗಂಟೆಗಳೊಳಗೆ ಪ್ರಾಣಕ್ಕೆ ಸಂಚಕಾರ ಬರಬಹುದು. ವೈದ್ಯರು ಹತ್ತು ದಿನ ಅಂಜುವುದು ಈ ಸೋರಿಕೆಗೆ.

ಮೂರು ಜೋಡಣೆಗಳು

ಈ ಗ್ರಂಥಿಯ ಮೇಲೆ ಕತ್ತಿಯಿಡುವ ಪ್ರಸಂಗ ಹೆಚ್ಚಾಗಿ ಬರುವುದು ಏಡಿಗಂತಿ, ಎಂದರೆ ಕ್ಯಾನ್ಸರ್ ಕಾಣಿಸಿಕೊಂಡಾಗ. ಗ್ರಂಥಿಯ ತಲೆಯಲ್ಲಿಯೋ, ಪಿತ್ತನಾಳವು ಕರುಳನ್ನು ಸೇರುವ ಬಾಯಿಯಲ್ಲಿಯೋ ಗಡ್ಡೆ ಬೆಳೆದರೆ ಪಿತ್ತದ ದಾರಿ ಕಟ್ಟಿಹೋಗಿ ಕಣ್ಣು ಹಳದಿಯಾಗುತ್ತದೆ, ಮೈಯೆಲ್ಲ ತುರಿಸುತ್ತದೆ, ರೋಗಿ ದಿನದಿನಕ್ಕೆ ಸೊರಗುತ್ತಾನೆ. ಮೇದೋಜೀರಕದ ಕ್ಯಾನ್ಸರ್ ಪತ್ತೆಯಾದವರಲ್ಲಿ ಶೇಕಡಾ 15ರಿಂದ 20 ಮಂದಿಯಲ್ಲಿ ಮಾತ್ರ ಅದನ್ನು ಕತ್ತರಿಸಿ ತೆಗೆಯಬಹುದಾದ ಸ್ಥಿತಿಯಿರುತ್ತದೆ. ಪೂರ್ಣ ಗುಣದ ಆಸೆಗೆ ಎಡೆಯಿರುವುದು ಇವರಿಗೆ. ಆದುದರಿಂದಲೇ ಅಪಾಯವಿದ್ದರೂ ಈ ಶಸ್ತ್ರಕ್ರಿಯೆಯನ್ನು ಕೈಬಿಡಲಾಗದು.

ತಲೆಯ ಗಡ್ಡೆಯನ್ನು ಮಾತ್ರ ಕಿತ್ತು ತೆಗೆಯುವುದು ಸಾಧ್ಯವಿಲ್ಲ. ಗ್ರಂಥಿಯ ತಲೆಗೂ ಅದನ್ನು ಬಳಸಿರುವ ಕರುಳಿಗೂ ರಕ್ತವನ್ನು ಒಯ್ಯುವ ಧಮನಿಗಳು ಒಂದೇ. ಒಂದನ್ನು ತೆಗೆದರೆ ಇನ್ನೊಂದು ಬದುಕಲಾರದು. ಆದುದರಿಂದ ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ, ಅನೇಕ ವೇಳೆ ಜಠರದ ಕೊನೆಯ ಭಾಗ, ಇವೆಲ್ಲವನ್ನೂ ಒಟ್ಟಿಗೆ ತೆಗೆಯಬೇಕು. ಆಮೇಲೆ ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಜಠರವನ್ನೂ ಕರುಳಿಗೆ ಒಂದೊಂದಾಗಿ ಹೊಲಿದು ಜೋಡಿಸಬೇಕು. ಹೀಗೆ ಜೋಡಣೆಗಳು ಮೂರು. ಇವುಗಳಲ್ಲಿ ಎರಡು ಸಾಮಾನ್ಯವಾಗಿ ನಿಲ್ಲುತ್ತವೆ. ಕೈಕೊಡುವುದು ಹೆಚ್ಚಾಗಿ ಮೊದಲನೆಯದು, ಗ್ರಂಥಿಯ ಜೋಡಣೆ. ಸರಪಣಿಯ ದುರ್ಬಲ ಕೊಂಡಿ ಅದೇ.

ಕರಗಿಹೋದ ದಾರ

ಇಂಥ ಶಸ್ತ್ರಕ್ರಿಯೆಯನ್ನು ಮೊಟ್ಟಮೊದಲು ಕೈಗೊಂಡವನು ಇಟಲಿಯ ಅಲೆಸ್ಸಾಂಡ್ರೊ ಕೋಡಿವಿಲ್ಲಾ, 1898ರಲ್ಲಿ. ಆತನ ರೋಗಿ ಕೆಲವೇ ವಾರಗಳಲ್ಲಿ ತೀರಿಕೊಂಡ. 1909ರಲ್ಲಿ ಬರ್ಲಿನ್ನಿನ ವಾಲ್ಟರ್ ಕೌಷ್ ಎಂಬ ಶಸ್ತ್ರವೈದ್ಯ ಇದನ್ನು ಎರಡು ಕಂತುಗಳಲ್ಲಿ ಮಾಡಿ ಮೊದಲ ಜಯವನ್ನು ಕಂಡ. ಮೊದಲು ಪಿತ್ತಕ್ಕೆ ಬೇರೆ ದಾರಿ ಮಾಡಿಕೊಟ್ಟು, ಕಾಮಾಲೆ ಇಳಿದ ಮೇಲೆ ಗಡ್ಡೆಯನ್ನು ತೆಗೆದ. ಆ ರೋಗಿ ಒಂಬತ್ತು ತಿಂಗಳು ಬದುಕಿದ.

ಈ ಶಸ್ತ್ರಕ್ರಿಯೆಗೆ ಇಂದು ಯಾರ ಹೆಸರು ಅಂಟಿಕೊಂಡಿದೆಯೋ ಆ ಅಲೆನ್ ವಿಪ್ಪಲ್, 1881ರಲ್ಲಿ ಪರ್ಷಿಯಾ ದೇಶದಲ್ಲಿ ಪಾದ್ರಿ ದಂಪತಿಗಳ ಮಗನಾಗಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಪ್ರಸಿದ್ಧ ಶಸ್ತ್ರವೈದ್ಯನಾದವನು. 1935ರಲ್ಲಿ ಆತನೂ ಸಂಗಡಿಗರೂ ಮೂವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಮೊದಲನೆಯ ರೋಗಿ ಎರಡು ದಿನ ತುಂಬುವ ಮೊದಲೇ ಅಸುನೀಗಿದ್ದ. ಹೊಲಿಗೆ ಬಿಚ್ಚಿಹೋಗಿತ್ತು.

ಕಾರಣವನ್ನು ಹುಡುಕಿದಾಗ ವಿಪ್ಪಲ್‌ಗೆ ಹೊಳೆದ ಸಂಗತಿ ಸರಳವಾದದ್ದು. ಆ ಕಾಲದಲ್ಲಿ ಹೊಲಿಗೆಗೆ ಬಳಸುತ್ತಿದ್ದ ಕ್ಯಾಟ್‌ಗಟ್ ದಾರ ತಯಾರಾಗುತ್ತಿದ್ದುದು ಕುರಿಯೇ ಮೊದಲಾದ ಪ್ರಾಣಿಗಳ ಕರುಳಿನಿಂದ. ಎಂದರೆ ಅದೂ ಒಂದು ಬಗೆಯ ಮಾಂಸವೇ. ಮಾಂಸವನ್ನು ಕರಗಿಸುವ ರಸದ ನಡುವೆ ಮಾಂಸದ ದಾರ ಎಷ್ಟು ಹೊತ್ತು ನಿಂತೀತು? ಮುಂದಿನ ರೋಗಿಗಳಿಗೆ ವಿಪ್ಪಲ್ ರೇಷ್ಮೆಯ ದಾರವನ್ನು ಬಳಸಿದ. ಮೇದೋಜೀರಕದ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ತಗ್ಗಿಸುವ ಪ್ರಯತ್ನಗಳಲ್ಲಿ ಆರಂಭದ ದೊಡ್ಡ ಹೆಜ್ಜೆಯೆಂದರೆ ಹೀಗೆ ದಾರವನ್ನು ಬದಲಾಯಿಸಿದ್ದು. ಇಂದು ನಿಧಾನವಾಗಿ ಕರಗುವ ಕೃತಕ ದಾರಗಳು ಬಳಕೆಗೆ ಬಂದಿವೆ.

ಇನ್ನೊಂದು ಅಡ್ಡಿಯೂ ಅದೇ ಕಾಲದಲ್ಲಿ ನಿವಾರಣೆಯಾಯಿತು. ಕಾಮಾಲೆಯಾದವರ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಎರಡು ಕಂತಿನ ಶಸ್ತ್ರಕ್ರಿಯೆಗೆ ಇದೇ ಮುಖ್ಯ ಕಾರಣವಾಗಿತ್ತು. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕಂಡುಹಿಡಿದ 'ಕೆ' ಜೀವಸತ್ವ ಈ ಕೊರತೆಯನ್ನು ತುಂಬಿತು. ಆ ಶೋಧಕ್ಕೆ 1943ರ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. 1940ರಲ್ಲಿ ವಿಪ್ಪಲ್, ಜಠರದ ಗಡ್ಡೆಯೆಂದು ಹೊಟ್ಟೆ ತೆರೆದು ನೋಡಿದಾಗ ಗಡ್ಡೆ ಮೇದೋಜೀರಕದ್ದಾಗಿತ್ತು. ಆತ ಅಲ್ಲಿಯೇ ನಿರ್ಧರಿಸಿ ಒಂದೇ ಬಾರಿಗೆ ಎಲ್ಲವನ್ನೂ ಮಾಡಿ ಮುಗಿಸಿದ. ಆ ಮಹಿಳೆ ಒಂಬತ್ತು ವರ್ಷ ಬದುಕಿದಳು. ವಿಪ್ಪಲ್ ತನ್ನ ಜೀವಮಾನದಲ್ಲಿ ಇಂಥ ಶಸ್ತ್ರಕ್ರಿಯೆಯನ್ನು ಮಾಡಿದ್ದು ಒಟ್ಟು 37 ಬಾರಿ ಮಾತ್ರ.

ಬೆಣ್ಣೆಗೆ ಹೊಲಿಗೆ ಹಾಕುವುದೆಂತು?

ದಾರವೇನೋ ಭದ್ರವಾಯಿತು, ಆದರೆ ದಾರ ಹಿಡಿಯಬೇಕಾದ ಗ್ರಂಥಿಯೇ ಮೆತ್ತಗಿದ್ದರೆ? ಇಲ್ಲಿ ಒಂದು ವಿಪರ್ಯಾಸವಿದೆ. ಬಹುಕಾಲ ಉರಿಯೂತದಿಂದ ಬಳಲಿ ಗಟ್ಟಿಯಾದ ಗ್ರಂಥಿಯಲ್ಲಿ ಹೊಲಿಗೆ ಚೆನ್ನಾಗಿ ನಿಲ್ಲುತ್ತದೆ. ಆರೋಗ್ಯವಾಗಿರುವ ಗ್ರಂಥಿಯೋ ಬೆಣ್ಣೆಯಂತೆ ಮೃದು. ದಾರವನ್ನು ತುಸು ಬಿಗಿದರೆ ಸೀಳುತ್ತದೆ. ಸಡಿಲ ಬಿಟ್ಟರೆ ಸೋರುತ್ತದೆ. ಅದರೊಳಗಿನ ನಾಳವೂ ಬಾಲ್ ಪೆನ್ನಿನ ರೀಫಿಲ್ಲಿನಷ್ಟು, ಒಮ್ಮೊಮ್ಮೆ ಅದಕ್ಕಿಂತಲೂ ಸಪೂರ. ಗ್ರಂಥಿ ಮೆತ್ತಗಿದ್ದು ನಾಳ ಕಿರಿದಾಗಿದ್ದರೆ ಅಪಾಯ ಹೆಚ್ಚು. ಇವೆರಡರೊಡನೆ ರೋಗದ ಬಗೆ, ಶಸ್ತ್ರಕ್ರಿಯೆಯಲ್ಲಿ ನಷ್ಟವಾದ ರಕ್ತ ಇವನ್ನೂ ಕೂಡಿಸಿ ಸೋರಿಕೆಯ ಸಂಭವವನ್ನು ಅಂಕಗಳಲ್ಲಿ ಲೆಕ್ಕ ಹಾಕುವ ಕ್ರಮ 2013ರಲ್ಲಿ ರೂಢಿಗೆ ಬಂತು. ಯಾವ ರೋಗಿಯನ್ನು ಹೆಚ್ಚು ಎಚ್ಚರದಿಂದ ಕಾಯಬೇಕೆಂಬುದು ಇದರಿಂದ ಮೊದಲ ದಿನವೇ ತಿಳಿಯುತ್ತದೆ.

ಈ ಬೆಣ್ಣೆಯನ್ನು ಕರುಳಿಗೆ ಹೊಲಿಯಲು ಶಸ್ತ್ರವೈದ್ಯರು ಹೂಡಿದ ಉಪಾಯಗಳು ಹಲವು. ಕೆಲವರು ಗ್ರಂಥಿಯ ಕತ್ತರಿಸಿದ ತುದಿಯನ್ನು ದಿಂಬನ್ನು ಗವಸಿಗೆ ತುರುಕಿದಂತೆ ಕರುಳಿನ ಬಾಯೊಳಗೆ ತೂರಿಸಿ ಸುತ್ತಲೂ ಹೊಲಿಯುತ್ತಾರೆ. ಬೇರೆ ಕೆಲವರು ಕರುಳಿನ ಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ, ಗ್ರಂಥಿಯ ನಾಳವನ್ನೇ ಕರುಳಿನ ಒಳಪದರಕ್ಕೆ ಕೂದಲೆಳೆಯಂಥ ದಾರದಿಂದ ಜೋಡಿಸುತ್ತಾರೆ. ನಾಳದೊಳಗೆ ಪುಟ್ಟ ಕೊಳವೆಯನ್ನಿಟ್ಟು ರಸ ಹೊಲಿಗೆಗೆ ತಾಕದಂತೆ ಸಾಗಿಸುವುದೂ ಉಂಟು.

ದಂತವೈದ್ಯನಾಗಿ ವೃತ್ತಿ ಆರಂಭಿಸಿ ಮುಂದೆ ಜಗತ್ಪ್ರಸಿದ್ಧ ಶಸ್ತ್ರವೈದ್ಯನಾದ ದಕ್ಷಿಣ ಆಫ್ರಿಕಾ ಮೂಲದ ಲೆಸ್ಲಿ ಬ್ಲಂಗಾರ್ಟ್ ಒಂದು ಜಾಣ ವಿಧಾನವನ್ನು ರೂಢಿಸಿದ. ಸೂಜಿಯನ್ನು ಗ್ರಂಥಿಯ ಅಂಚಿನಲ್ಲಿ ಅಲ್ಲಲ್ಲಿ ಚುಚ್ಚುವ ಬದಲು ಅದರ ಇಡೀ ದಪ್ಪವನ್ನು ಹಾಯಿಸಿ, ಕರುಳನ್ನು ಹಿಡಿದು, ಮತ್ತೆ ಹಿಂದಕ್ಕೆ ತರುವುದು ಆ ವಿಧಾನ. ಗಂಟು ಬೀಳುವುದು ಕರುಳಿನ ಮೇಲೆ. ಮೆತ್ತನೆಯ ಗ್ರಂಥಿ ಕರುಳಿನ ಮೆತ್ತೆಯ ನಡುವೆ ಒತ್ತಿಕೊಂಡು ಕೂರುತ್ತದೆ. ದಾರ ಸೀಳುವ ಭಯ ಕಡಮೆ.

ಕರುಳಿನ ಬದಲು ಜಠರದ ಹಿಂಗೋಡೆಗೆ ಜೋಡಿಸಿದರೆ ಹೇಗೆ ಎಂದು 1946ರಲ್ಲಿಯೇ ಅಮೆರಿಕೆಯಲ್ಲಿ ಪ್ರಯತ್ನ ನಡೆದಿತ್ತು. ಜಠರದ ಗೋಡೆ ದಪ್ಪ, ಗ್ರಂಥಿಗೆ ತೀರ ಹತ್ತಿರ. ಅಲ್ಲದೆ ಸಸಾರಜನಕದ ಕಿಣ್ವಗಳ ಕತ್ತಿಯನ್ನು ಒರೆಯಿಂದ ಹಿರಿಯುವ ಕಿಣ್ವ ಅಲ್ಲಿಲ್ಲ. ವಾದ ಚೆನ್ನಾಗಿಯೇ ಇದೆ. ಆದರೆ ಜರ್ಮನಿಯಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎರಡು ವಿಧಾನಗಳ ಸೋರಿಕೆಯೂ ಹೆಚ್ಚುಕಡಮೆ ಸಮವೆಂದು ಕಂಡಿತು: ಒಂದರಲ್ಲಿ ಶೇಕಡಾ 20, ಇನ್ನೊಂದರಲ್ಲಿ 22.

ಚೀನಾದ ಹಾಂಗ್‌ಝೌ ನಗರದ ಪೆಂಗ್ ಶುಯೂ ಮತ್ತು ಸಂಗಡಿಗರು ಮತ್ತೊಂದು ದಾರಿ ಹಿಡಿದರು. ಗ್ರಂಥಿಯ ತುದಿಯನ್ನು ಕರುಳಿನೊಳಗೆ ಕೂರಿಸಿ, ಹೊರಗಿನಿಂದ ಮೂಟೆಯ ಬಾಯಿಗೆ ಹಗ್ಗ ಬಿಗಿದಂತೆ ದಾರವನ್ನು ಸುತ್ತಿ ಕಟ್ಟುವುದು. 2007ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಈ ರೀತಿ ಕಟ್ಟಿದ 106 ಮಂದಿಯಲ್ಲಿ ಒಬ್ಬರಿಗೂ ಸೋರಲಿಲ್ಲ. ಹಳೆಯ ಕ್ರಮದ 111 ಮಂದಿಯಲ್ಲಿ 8 ಮಂದಿಗೆ ಸೋರಿತ್ತು. ಸುದ್ದಿ ಕೇಳಿ ಜಗತ್ತೇ ಕಿವಿ ನಿಮಿರಿಸಿತು. ಆದರೆ ಬೇರೆ ದೇಶಗಳ ವೈದ್ಯರ ಕೈಯಲ್ಲಿ ಆ ಸೊನ್ನೆ ಸೊನ್ನೆಯಾಗಿ ಉಳಿಯಲಿಲ್ಲ.

ಗ್ರಂಥಿಯ ಬಾಲವನ್ನು ಮಾತ್ರ ತೆಗೆಯುವಾಗ ಜೋಡಣೆಯ ಪ್ರಶ್ನೆಯಿಲ್ಲ. ಉಳಿದ ತುದಿಯನ್ನು ಮುಚ್ಚಿದರಾಯಿತು. ಇದನ್ನು ಸ್ಟೇಪ್ಲರ್ ಯಂತ್ರದಿಂದ ಮುಚ್ಚಿದರೆ ಮೇಲೋ, ಕೈಹೊಲಿಗೆ ಮೇಲೋ ಎಂದು ಯೂರೋಪಿನಲ್ಲಿ ನಡೆದ ಪರೀಕ್ಷೆಯ ತೀರ್ಪು 2011ರಲ್ಲಿ ಬಂತು. ಯಂತ್ರಕ್ಕೂ ಕೈಗೂ ಗಣನೀಯ ವ್ಯತ್ಯಾಸವಿಲ್ಲ!

ಹೀಗೆ ಪ್ರತಿಯೊಬ್ಬ ನುರಿತ ಶಸ್ತ್ರವೈದ್ಯನಿಗೂ ತನ್ನದೇ ಒಂದು ಹೊಲಿಗೆ ಮೆಚ್ಚು. ಎಂದೆಂದಿಗೂ ಸೋರದ ಹೊಲಿಗೆ ಮಾತ್ರ ಇದುವರೆಗೆ ಯಾರಿಗೂ ದೊರೆತಿಲ್ಲ. ಅನುಭವವುಳ್ಳ ಆಸ್ಪತ್ರೆಗಳಲ್ಲಿಯೂ ತಲೆಯ ಭಾಗದ ಶಸ್ತ್ರಕ್ರಿಯೆಯಾದ ಹತ್ತು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಚಿಕಿತ್ಸೆ ಬೇಡುವಷ್ಟು ಸೋರಿಕೆಯಾಗುತ್ತದೆ.

ಪಳಗಿದ ಕೈ

ಹಾಗಿದ್ದರೆ ಈ ನೂರು ವರ್ಷಗಳಲ್ಲಿ ಏನೂ ಸಾಧಿಸಲಿಲ್ಲವೆ? ಸಾಧಿಸಿದ್ದು ಬಹಳವಿದೆ. 1960ರ ದಶಕದಲ್ಲಿ ಈ ಶಸ್ತ್ರಕ್ರಿಯೆಯಾದ ನಾಲ್ವರಲ್ಲಿ ಸುಮಾರು ಒಬ್ಬರು ಆಸ್ಪತ್ರೆಯಿಂದ ಹಿಂದಿರುಗುತ್ತಿರಲಿಲ್ಲ. ಅಮೆರಿಕೆಯ ಹೆಸರಾಂತ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ 1970ರಲ್ಲಿ, ಮೇದೋಜೀರಕದ ಕ್ಯಾನ್ಸರಿಗೆ ಇಷ್ಟು ದೊಡ್ಡ ಶಸ್ತ್ರಕ್ರಿಯೆ ಮಾಡುವುದಕ್ಕಿಂತ ಪಿತ್ತಕ್ಕೆ ಬೇರೆ ದಾರಿ ಮಾಡಿಕೊಟ್ಟು ಸುಮ್ಮನಿರುವುದೇ ಲೇಸೆಂದು ವಾದಿಸಿದ. ಆ ಕಾಲದ ಲೆಕ್ಕ ನೋಡಿದರೆ ಆತನ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಅದೇ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಿಂದ 1993ರಲ್ಲಿ ಜಾನ್ ಕ್ಯಾಮರೂನ್ ಮತ್ತು ಸಂಗಡಿಗರು ಬರೆದರು: ಒಂದರ ಹಿಂದೊಂದರಂತೆ 145 ಶಸ್ತ್ರಕ್ರಿಯೆಗಳು, ಒಂದು ಸಾವೂ ಇಲ್ಲ. ಈ ಮಾರ್ಪಾಟಿಗೆ ಕಾರಣ ಯಾವುದೋ ಒಂದು ಗುಪ್ತ ಹೊಲಿಗೆಯಲ್ಲ. ಒಂದೇ ತಂಡ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಪಳಗಿದ್ದು, ಅರಿವಳಿಕೆಯವರು, ದಾದಿಯರು, ಕ್ಷಕಿರಣ ತಜ್ಞರು ಎಲ್ಲರೂ ಆ ರೋಗಿಯ ಅಪಾಯಗಳನ್ನು ಅರಿತವರಾದದ್ದು ಮುಖ್ಯ ಕಾರಣ.

2002ರಲ್ಲಿ ಅಮೆರಿಕೆಯ ಆಸ್ಪತ್ರೆಗಳ ಲೆಕ್ಕವನ್ನು ಒಟ್ಟುಗೂಡಿಸಿದಾಗ ಈ ಮಾತು ಅಂಕೆಗಳಲ್ಲಿ ಸ್ಪಷ್ಟವಾಯಿತು. ಇಂಥ ಶಸ್ತ್ರಕ್ರಿಯೆಯನ್ನು ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಮರಣ ಶೇಕಡಾ 16.3, ಅತಿ ಹೆಚ್ಚಾಗಿ ಮಾಡುವ ಆಸ್ಪತ್ರೆಗಳಲ್ಲಿ ಶೇಕಡಾ 3.8. ರೋಗ ಅದೇ, ದೇಶ ಅದೇ. ಬಾಗಿಲು ಮಾತ್ರ ಬೇರೆ. ನಮ್ಮ ದೇಶದಲ್ಲಿಯೂ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು, ಈ ಕೆಲಸವನ್ನು ಮೀಸಲಾದ ತಂಡಕ್ಕೆ ವಹಿಸಿ ಸೇವೆಯನ್ನು ಮರುಸಂಘಟಿಸಿದ ಮೇಲೆ ಫಲಿತಾಂಶ ಸುಧಾರಿಸಿದ ಬಗೆಯನ್ನು 2013ರಲ್ಲಿ ವರದಿ ಮಾಡಿದ್ದಾರೆ.

ಹೊಸತೆಲ್ಲ ಒಳ್ಳೆಯದೆಂದು ನಂಬುವವರಿಗೆ ನೆದರ್‌ಲೆಂಡ್ಸ್ ದೇಶದ ಒಂದು ಪಾಠವಿದೆ. ಹೊಟ್ಟೆಯನ್ನು ತೆರೆಯದೆ, ಸಣ್ಣ ರಂಧ್ರಗಳ ಮೂಲಕ ಲ್ಯಾಪರೋಸ್ಕೋಪ್ ಹಾಯಿಸಿ ಈ ಶಸ್ತ್ರಕ್ರಿಯೆಯನ್ನು ಮಾಡಿ ನೋಡುವ ಪರೀಕ್ಷೆಯನ್ನು ಅಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. 2019ರಲ್ಲಿ ಪ್ರಕಟವಾದ ಲೆಕ್ಕದಂತೆ ರಂಧ್ರದ ಕ್ರಮದಲ್ಲಿ 50 ಮಂದಿಗೆ 5 ಸಾವು, ತೆರೆದ ಕ್ರಮದಲ್ಲಿ 49 ಮಂದಿಗೆ ಒಂದು. ಗಾಯ ಚಿಕ್ಕದಾದ ಮಾತ್ರಕ್ಕೆ ಅಪಾಯ ಚಿಕ್ಕದಾಗಲಿಲ್ಲ.

ಹೊಲಿಗೆಯ ಸುತ್ತಣ ಎಚ್ಚರಿಕೆಗಳು

ಹೊಲಿಗೆಯ ಹೊರಗೂ ಮಾಡಬಹುದಾದ ಕೆಲಸಗಳಿವೆ. ಕಾಮಾಲೆಯಾದ ರೋಗಿಗೆ ಶಸ್ತ್ರಕ್ರಿಯೆಗೆ ಮೊದಲು ಪಿತ್ತನಾಳದಲ್ಲಿ ಕೊಳವೆಯನ್ನಿರಿಸಿ ಕಾಮಾಲೆಯನ್ನು ಇಳಿಸುವುದು ಬಹುಕಾಲದ ವಾಡಿಕೆಯಾಗಿತ್ತು. ನೆದರ್‌ಲೆಂಡ್ಸಿನವರೇ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೀಗೆ ಮಾಡಿದವರಲ್ಲಿ ಶೇಕಡಾ 74 ಮಂದಿಗೆ ಗಂಭೀರ ತೊಡಕುಗಳಾದುವು. ಕೊಳವೆಯಿಲ್ಲದೆ ಬೇಗ ಶಸ್ತ್ರಕ್ರಿಯೆ ಮಾಡಿದವರಲ್ಲಿ ಶೇಕಡಾ 39. ಕಾಮಾಲೆ ತೀರ ಏರಿದ್ದರೆ, ಸೋಂಕು ತಗಲಿದ್ದರೆ, ಅಥವಾ ಶಸ್ತ್ರಕ್ರಿಯೆಗೆ ಮೊದಲು ಔಷಧಚಿಕಿತ್ಸೆ ಕೊಡಬೇಕಾಗಿದ್ದರೆ ಕೊಳವೆ ಬೇಕೇ ಬೇಕು. ಎಲ್ಲರಿಗೂ ಬೇಡ.

ಕೊಳವೆಯಿಟ್ಟ ಪಿತ್ತದಲ್ಲಿ ರೋಗಾಣುಗಳು ಬೀಡುಬಿಡುತ್ತವೆ. ಆದುದರಿಂದ ಶಸ್ತ್ರಕ್ರಿಯೆಯ ವೇಳೆ ಕೊಡುವ ಪ್ರತಿಜೀವಕ ಔಷಧ ಆ ರೋಗಾಣುಗಳನ್ನು ಮಣಿಸುವಂಥದ್ದಾಗಿರಬೇಕು. ಹಳೆಯ ಔಷಧದ ಬದಲು ವ್ಯಾಪಕ ಶಕ್ತಿಯ ಪಿಪೆರಾಸಿಲಿನ್–ಟಾಝೊಬ್ಯಾಕ್ಟಮ್ ಕೊಟ್ಟಾಗ ಗಾಯದ ಸೋಂಕು ಶೇಕಡಾ 32.8ರಿಂದ 19.8ಕ್ಕೆ ಇಳಿಯಿತೆಂದು 2023ರ ಅಮೆರಿಕೆಯ ಪರೀಕ್ಷೆ ತೋರಿಸಿತು. ಸೋರಿಕೆಯೂ ಶೇಕಡಾ 19ರಿಂದ 12.7ಕ್ಕೆ ತಗ್ಗಿತು. ಗ್ರಂಥಿಯ ರಸಸ್ರಾವವನ್ನೇ ಕೆಲವು ದಿನ ತಗ್ಗಿಸುವ ಔಷಧಗಳೂ ಇವೆ. ಅವುಗಳಲ್ಲೊಂದಾದ ಪ್ಯಾಸಿರಿಯೊಟೈಡ್ 2014ರಲ್ಲಿ ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಪರೀಕ್ಷೆಯಲ್ಲಿ ಸೋರಿಕೆಯೇ ಮೊದಲಾದ ತೊಡಕುಗಳನ್ನು ಶೇಕಡಾ 21ರಿಂದ 9ಕ್ಕೆ ಇಳಿಸಿತು. ಆದರೆ ಎಲ್ಲೆಡೆಯೂ ಅದು ಬಳಕೆಗೆ ಬಂದಿಲ್ಲ.

ಇನ್ನು ಧಮನಿಯ ರಕ್ಷಣೆ. ಗ್ರಂಥಿಯ ತಲೆಯನ್ನು ತೆಗೆಯುವಾಗ ಕಟ್ಟಿದ ಧಮನಿಯ ಮೋಟು ತುದಿ ಹೊಲಿಗೆಯ ಪಕ್ಕದಲ್ಲಿಯೇ ಉಳಿದಿರುತ್ತದೆ. ಸೋರಿದ ರಸ ಮೊದಲು ಕೊರೆಯುವುದು ಇದನ್ನೇ. ಕೆಲವು ಶಸ್ತ್ರವೈದ್ಯರು ಯಕೃತ್ತಿನಿಂದ ಹೊಕ್ಕುಳಿನತ್ತ ಇಳಿಯುವ ಒಂದು ತಂತುವನ್ನು ಬಿಡಿಸಿ ತಂದು ಈ ಮೋಟಿಗೆ ಶಾಲಿನಂತೆ ಹೊದಿಸುತ್ತಾರೆ. ಆ ತಂತು ಬೇರೆ ಯಾವುದೂ ಅಲ್ಲ. ನಾವು ಗರ್ಭದಲ್ಲಿದ್ದಾಗ ತಾಯಿಯ ರಕ್ತದ ಸಾರವನ್ನು ನಮಗೆ ತಂದುಕೊಟ್ಟ ರಕ್ತನಾಳ. ಹುಟ್ಟಿದ ಮೇಲೆ ಅದು ಒಣಗಿ ಬರಿಯ ಹುರಿಯಾಗಿ ಉಳಿದಿರುತ್ತದೆ. ಈ ಹೊದಿಕೆಯ ಪ್ರಯೋಜನ ಖಚಿತವಾಗಿ ಸಿದ್ಧವಾಗಿಲ್ಲವಾದರೂ ಹಾನಿಯಿಲ್ಲದ ಉಪಾಯವೆಂದು ಅನೇಕರು ಇದನ್ನು ಅನುಸರಿಸುತ್ತಾರೆ.

ಕಾವಲಿನ ಬಲ

ಶಸ್ತ್ರಕ್ರಿಯೆಯ ಕೊನೆಯಲ್ಲಿ ಹೊಲಿಗೆಯ ಹತ್ತಿರ ಒಂದೆರಡು ಮೆತ್ತನೆಯ ನಳಿಕೆಗಳನ್ನಿರಿಸಿ ಹೊಟ್ಟೆಯ ಹೊರಗೆ ತರುತ್ತಾರೆ. ಡ್ರೈನ್ ಎಂದು ಕರೆಯುವ ಇವು ಸೋರಿದ್ದನ್ನು ಹೊರಕ್ಕೆ ಹರಿಸುತ್ತವೆ; ಒಳಗಿನ ಸುದ್ದಿಯನ್ನೂ ಹೊರಗೆ ತಿಳಿಸುತ್ತವೆ. ಮೂರನೆಯ ದಿನದಂದು ಅಥವಾ ಆಮೇಲೆ ನಳಿಕೆಯ ನೀರಿನಲ್ಲಿ ಅಮೈಲೇಸ್ ಎಂಬ ಕಿಣ್ವ ರಕ್ತದಲ್ಲಿ ಇರಬಹುದಾದ ಗರಿಷ್ಠ ಮಿತಿಯ ಮೂರು ಪಟ್ಟನ್ನು ಮೀರಿದ್ದರೆ ರಸ ಸೋರುತ್ತಿದೆಯೆಂದು ಅರ್ಥ. 2005ರಲ್ಲಿ ನಾನಾ ದೇಶಗಳ ತಜ್ಞರು ಸೇರಿ ಈ ವ್ಯಾಖ್ಯೆಯನ್ನು ಒಪ್ಪಿದರು. 2016ರಲ್ಲಿ ಅದನ್ನು ತಿದ್ದಿ, ರೋಗಿಗೆ ತೊಂದರೆ ಕೊಡದ ಸೋರಿಕೆಯನ್ನು ನಿಜವಾದ ತೊಡಕಿನಿಂದ ಬೇರ್ಪಡಿಸಿದರು. ನಳಿಕೆಯ ನೀರಿನಲ್ಲಿ ಹೀಗೆ ಅಂಕೆ ಏರಿತೆಂದ ಮಾತ್ರಕ್ಕೆ ಮನೆಯವರು ಎದೆಗುಂದಬೇಕಾಗಿಲ್ಲ. ಬಹಳಷ್ಟು ಸೋರಿಕೆಗಳು ತಾವಾಗಿಯೇ ನಿಲ್ಲುತ್ತವೆ.

ನಳಿಕೆಯನ್ನು ಹೆಚ್ಚು ದಿನ ಬಿಟ್ಟಷ್ಟೂ ಕ್ಷೇಮವೆಂಬ ಹಳೆಯ ನಂಬಿಕೆಯೂ ಬಿದ್ದುಹೋಯಿತು. ಇಟಲಿಯ ವೆರೋನಾದಲ್ಲಿ, ಮೊದಲ ದಿನದ ಅಮೈಲೇಸ್ ಕಡಮೆಯಿದ್ದವರನ್ನು ಆರಿಸಿ ಕೆಲವರ ನಳಿಕೆಯನ್ನು ಮೂರನೆಯ ದಿನವೇ ತೆಗೆದರು, ಉಳಿದವರದನ್ನು ಹಾಗೆಯೇ ಬಿಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೇಗ ತೆಗೆದವರಿಗೆ ಸೋರಿಕೆ ಶೇಕಡಾ 1.8, ತಡವಾಗಿ ತೆಗೆದವರಿಗೆ 26. ಕಾವಲುಗಾರನೇ ಹೆಚ್ಚು ದಿನ ನಿಂತರೆ ಕಳ್ಳನಿಗೆ ಬಾಗಿಲು ತೆರೆಯುವುದುಂಟು!

ಈ ಕಥೆಯಲ್ಲೆಲ್ಲ ಅತ್ಯಂತ ಮಹತ್ವದ ಅಧ್ಯಾಯ ಬರೆದದ್ದು ಹೊಸ ದಾರವೂ ಅಲ್ಲ, ಹೊಸ ಯಂತ್ರವೂ ಅಲ್ಲ. ನೆದರ್‌ಲೆಂಡ್ಸಿನಲ್ಲಿ ಮೇದೋಜೀರಕದ ಶಸ್ತ್ರಕ್ರಿಯೆ ಮಾಡುವ 17 ಆಸ್ಪತ್ರೆಗಳೂ ಒಟ್ಟಾಗಿ 2018 ಮತ್ತು 2019ರಲ್ಲಿ ಒಂದು ಪ್ರಯೋಗ ನಡೆಸಿದುವು. ಶಸ್ತ್ರಕ್ರಿಯೆಯ ವಿಧಾನವನ್ನು ಅವು ಬದಲಿಸಲಿಲ್ಲ. ಬದಲಿಸಿದ್ದು ಆಮೇಲಿನ ಕಾವಲನ್ನು. ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಪ್ರತಿದಿನವೂ ರೋಗಿಯ ಜ್ವರ, ನಾಡಿ, ಉಸಿರು, ರಕ್ತದ ಬಿಳಿಕಣಗಳು, ಉರಿಯೂತವನ್ನು ತೋರಿಸುವ ಸಿ-ರಿಯಾಕ್ಟಿವ್ ಪ್ರೋಟೀನ್, ನಳಿಕೆಯ ನೀರು ಇವನ್ನು ಒಂದು ಗೊತ್ತಾದ ಪಟ್ಟಿಯಂತೆ ನೋಡಬೇಕು. ಇಂತಿಂಥ ಲಕ್ಷಣ ಕಂಡರೆ ಕಾದು ನೋಡೋಣವೆನ್ನದೆ ಕೂಡಲೇ ಸಿ.ಟಿ. ಸ್ಕ್ಯಾನ್ ತೆಗೆಸಬೇಕು. ಎಲ್ಲಿಯಾದರೂ ದ್ರವ ನಿಂತಿದ್ದರೆ ಹೊಟ್ಟೆಯನ್ನು ಮತ್ತೆ ಕೊಯ್ಯದೆ ಚರ್ಮದ ಮೂಲಕ ಸೂಜಿ ಹಾಯಿಸಿ ನಳಿಕೆಯಿರಿಸಿ ಹೊರತೆಗೆಯಬೇಕು. ಮಾಡಿದ್ದು ಇಷ್ಟೇ.

2022ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆರಗುಗೊಳಿಸಿತು. 1748 ರೋಗಿಗಳ ಲೆಕ್ಕದಲ್ಲಿ, ಮೊದಲಿನ ಕ್ರಮದಲ್ಲಿ ಶೇಕಡಾ 14 ಮಂದಿಗೆ ತೀವ್ರ ರಕ್ತಸ್ರಾವವೋ ಅಂಗವೈಫಲ್ಯವೋ ಸಾವೋ ಒದಗಿದ್ದರೆ, ಹೊಸ ಕಾವಲಿನ ಕ್ರಮದಲ್ಲಿ ಅದು ಶೇಕಡಾ 8ಕ್ಕೆ ಇಳಿಯಿತು. ತೊಂಬತ್ತು ದಿನಗಳೊಳಗಿನ ಮರಣ ಶೇಕಡಾ 5ರಿಂದ 3ಕ್ಕೆ ಬಂತು. ಹೊಲಿಗೆ ಸೋರುವುದನ್ನು ಯಾರೂ ಪೂರ್ತಿ ತಡೆಯಲಿಲ್ಲ. ಸೋರಿದ್ದನ್ನು ಹೊತ್ತಿಗೆ ಸರಿಯಾಗಿ ಕಂಡುಕೊಂಡರು.

ರಕ್ತಸ್ರಾವದ ಮಾತೂ ಹಾಗೆಯೇ. ಧಮನಿ ಒಡೆಯುವ ಮೊದಲು ಅನೇಕ ವೇಳೆ ನಳಿಕೆಯಲ್ಲಿ ಸ್ವಲ್ಪ ಕೆಂಪು ಕಾಣಿಸಿಕೊಂಡು ತಾನೇ ನಿಲ್ಲುತ್ತದೆ. ಬರಲಿರುವ ಪ್ರವಾಹದ ಮುನ್ಸೂಚನೆ ಅದು. ಆ ಎಚ್ಚರಿಕೆಯನ್ನು ಕಂಡವರು ಕೂಡಲೇ ಪರೀಕ್ಷಿಸಿದರೆ, ತೊಡೆಯ ಧಮನಿಯ ಮೂಲಕ ಸಪೂರ ಕೊಳವೆಯನ್ನು ಸಾಗಿಸಿ ಒಡೆಯಲಿರುವ ಜಾಗವನ್ನು ಒಳಗಿನಿಂದಲೇ ಮುಚ್ಚಬಹುದು.

ಮನೆಯವರ ಪಾಲು

ಇಷ್ಟೆಲ್ಲ ತಿಳಿದು ನಾವೇನು ಮಾಡಬೇಕು ಎಂದು ವಾಚಕರು ಕೇಳಬಹುದು. ನೋವಿಲ್ಲದೆ ಕಾಮಾಲೆ ಬಂದರೆ, ನಡುವಯಸ್ಸು ದಾಟಿದವರಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂದು ಜೊತೆಗೆ ತೂಕ ಇಳಿಯತೊಡಗಿದರೆ, ನಾಟಿ ಮದ್ದಿನಲ್ಲಿ ತಿಂಗಳುಗಳನ್ನು ಕಳೆಯದೆ ಪರೀಕ್ಷೆ ಮಾಡಿಸಬೇಕು. ಶಸ್ತ್ರಚಿಕಿತ್ಸೆ ಗೊತ್ತಾದರೆ ಸಂಕೋಚಪಡದೆ ಕೇಳಬೇಕು: ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಇಂಥವು ಎಷ್ಟು ನಡೆಯುತ್ತವೆ? ನಡುರಾತ್ರಿಯಲ್ಲಿಯೂ ಸ್ಕ್ಯಾನ್ ಮಾಡುವ, ರಕ್ತಸ್ರಾವವನ್ನು ಒಳಗಿನಿಂದ ನಿಲ್ಲಿಸುವ ಅನುಕೂಲವಿದೆಯೆ? ಇದು ಅವಿಶ್ವಾಸದ ಪ್ರಶ್ನೆಯಲ್ಲ. ಒಳ್ಳೆಯ ವೈದ್ಯರು ಇದಕ್ಕೆ ಸಂತೋಷದಿಂದ ಉತ್ತರ ಹೇಳುತ್ತಾರೆ. ಹತ್ತಿರದ ಊರಿನ ಪರಿಚಿತ ಆಸ್ಪತ್ರೆಗಿಂತ ದೂರದ ಪಳಗಿದ ಆಸ್ಪತ್ರೆಗೆ ಹೋಗುವ ಶ್ರಮ ಈ ಒಂದು ಕಾಯಿಲೆಯಲ್ಲಿ ಸಾರ್ಥಕ.

ರೋಗಿ ಬೀಡಿ, ಸಿಗರೇಟುಗಳನ್ನು ಬಿಡಬೇಕು. ಚೆನ್ನಾಗಿ ಉಂಡು ಮೈಯಲ್ಲಿ ಕಸುವು ತುಂಬಿಕೊಳ್ಳಬೇಕು. ಶಸ್ತ್ರಕ್ರಿಯೆಯ ಮರುದಿನದಿಂದಲೇ ಎದ್ದು ಕೂರುವ, ನಾಲ್ಕು ಹೆಜ್ಜೆ ಇಡುವ ಪ್ರಯತ್ನ ಮಾಡಬೇಕು. ಜಠರ ಕೆಲವು ದಿನ ಮುಷ್ಕರ ಹೂಡಿ ಊಟ ಸೇರದಿರುವುದು ಈ ಶಸ್ತ್ರಕ್ರಿಯೆಯ ಸಾಮಾನ್ಯ ತೊಂದರೆ, ಅದು ಸರಿಹೋಗುತ್ತದೆ. ತೊಡಕುಗಳನ್ನು ತಗ್ಗಿಸುವುದರಲ್ಲಿ ಇನ್ನೊಂದು ಲಾಭವೂ ಇದೆ. ಕ್ಯಾನ್ಸರ್ ಮರುಕಳಿಸದಂತೆ ಆಮೇಲೆ ಕೊಡಬೇಕಾದ ಔಷಧಚಿಕಿತ್ಸೆ ರೋಗಿ ಚೇತರಿಸಿಕೊಂಡರೆ ಮಾತ್ರ ಸಾಧ್ಯ. ಸೋರಿಕೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದವನಿಗೆ ಆ ಅವಕಾಶವೇ ತಪ್ಪಿಹೋಗಬಹುದು.

ಮೊದಲು ಕಂಡ ಆ ಮನೆಯವರ ಬಳಿಗೆ ಮತ್ತೆ ಹೋಗೋಣ. ಮೂರನೆಯ ಬೆಳಿಗ್ಗೆ ದಾದಿಯೊಬ್ಬಳು ಬಂದು ನಳಿಕೆಯ ಚೀಲವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಬಣ್ಣವನ್ನೂ ಅಳತೆಯನ್ನೂ ಬರೆದುಕೊಳ್ಳುತ್ತಾಳೆ, ರಕ್ತದ ಮಾದರಿಯನ್ನು ಕಳುಹಿಸುತ್ತಾಳೆ. ನೋಡುವವರಿಗೆ ಅದು ದಿನನಿತ್ಯದ ಸಣ್ಣ ಕೆಲಸ. ರೇಷ್ಮೆಯ ದಾರದಿಂದ ಹಿಡಿದು ಇಂದಿನವರೆಗೆ ಶಸ್ತ್ರವೈದ್ಯರು ಅರಸಿದ ಸೋರದ ಹೊಲಿಗೆ ಇನ್ನೂ ಸಿಕ್ಕಿಲ್ಲ. ಅದು ಸಿಕ್ಕುವವರೆಗೂ ರೋಗಿಯ ಪ್ರಾಣವನ್ನು ಕಾಯುವುದು ಆ ಸಣ್ಣ ಕೆಲಸವೇ. ಹತ್ತು ದಿನ ಕಳೆದು ವೈದ್ಯರು ನಗುಮುಖದಿಂದ ಬಂದು, "ಈಗ ಹೇಳುತ್ತೇನೆ ತಾಯಿ, ಮನೆಗೆ ಕರೆದುಕೊಂಡು ಹೋಗಿ" ಎಂದರೆ, ಆ ಮಾತಿನ ಹಿಂದೆ ಒಂದು ಶತಮಾನದ ಸೋಲುಗೆಲುವುಗಳ ಅನುಭವವಿದೆ.